ಗೋಡೆಗೆ ಆಚೆ ಬದಿಯೂ ಇದೆ

ಗೋಡೆ ಇರುವುದು ಯಾಕೆ ಎಂದು ನಾಲ್ಕನೇ ತರಗತಿಯ ಮಕ್ಕಳನ್ನು ಕೇಳಿ ನೋಡಿ. ಮೊದಲು ಬರುವ ಉತ್ತರ ‘ಕಳ್ಳರು ಬರದ ಹಾಗೆ’. ಎರಡನೆಯದು ‘ಸೂರು ಬೀಳದ ಹಾಗೆ’. ಸ್ವಲ್ಪ ಸಲುಗೆ ಕೊಟ್ಟರೆ ಅವರ ನಿಜವಾದ ಪಟ್ಟಿ ಹೊರಬೀಳುತ್ತದೆ. ಇದ್ದಿಲಿನಲ್ಲಿ ಮೂರು ಗೆರೆ ಎಳೆದು ವಿಕೆಟ್ ಮಾಡಿಕೊಳ್ಳುವುದಕ್ಕೆ, ಕಣ್ಣಾಮುಚ್ಚಾಲೆಯಲ್ಲಿ ಮುಖ ಒತ್ತಿಕೊಂಡು ಎಣಿಸುವುದಕ್ಕೆ, ಅಜ್ಜಿ ಬೆರಣಿ ತಟ್ಟುವುದಕ್ಕೆ, ಪಕ್ಕದ ಹಿತ್ತಿಲಿನ ಸೀಬೆಕಾಯಿ ಕೀಳಲು ಹತ್ತುವುದಕ್ಕೆ, ಎಲೆಕ್ಷನ್ ಬಂದಾಗ ಚಿಹ್ನೆ ಬರೆಯುವುದಕ್ಕೆ. ಕಟ್ಟಿಸಿದ ಯಜಮಾನರ ತಲೆಯಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ಅವರು ಮೇಲೆ ಗಾಜಿನ ಚೂರು ನೆಟ್ಟು ನಿಶ್ಚಿಂತರಾಗಿದ್ದರು. ಹಾಗೆಂದು ಮಕ್ಕಳ ಪಟ್ಟಿಯನ್ನು ತಪ್ಪು ಎನ್ನಲಾಗುವುದಿಲ್ಲ.

ತರಗತಿಯಲ್ಲಿ ಪ್ರಪಂಚದ ಗೋಡೆಗಳ ಪಾಠ ಮಾಡುವಾಗ ನಾವು ಈ ತಿಳಿವಳಿಕೆಯನ್ನು ಬಾಗಿಲ ಹೊರಗೇ ಬಿಟ್ಟು ಹೋಗುತ್ತೇವೆ. ಅಲ್ಲಿ ಗೋಡೆ ಎಂದರೆ ಉದ್ದ, ಎತ್ತರ, ಕಟ್ಟಿಸಿದ ದೊರೆ, ಇಸವಿ. ನಾಲ್ಕೂ ಬಾಯಿಪಾಠವಾದರೆ ನಾಲ್ಕು ಅಂಕ. ಗೋಡೆಯನ್ನು ಯಾಕೆ ಕಟ್ಟಿದರು ಎಂಬ ಪ್ರಶ್ನೆ ಬಂದರೂ ಅದಕ್ಕೆ ಒಂದೇ ಸಾಲಿನ ಉತ್ತರ: ‘ಶತ್ರುಗಳಿಂದ ರಕ್ಷಣೆ ಪಡೆಯಲು’. ಯಾರ ಶತ್ರು, ಅವರಿಗೆ ಏನು ಬೇಕಾಗಿತ್ತು, ರಕ್ಷಣೆ ಸಿಕ್ಕಿತೇ ಎಂದು ಯಾವ ಮಗುವೂ ಕೇಳುವುದಿಲ್ಲ. ಕೇಳಿದರೆ ಪೋರ್ಷನ್ ಮುಗಿಯುವುದಿಲ್ಲ.

ಒಂದು ಗೋಡೆಗೆ ಕಡೇಪಕ್ಷ ಎರಡು ಉದ್ದೇಶ ಇರುತ್ತವೆ. ಕಟ್ಟಿದವರು ಹೇಳುವುದು ಒಂದು, ಆಚೆ ನಿಂತವರಿಗೆ ಕಾಣುವುದು ಇನ್ನೊಂದು. ಎರಡನ್ನೂ ಕೇಳಿಸಿಕೊಂಡು ತೂಗಿ ನೋಡುವುದನ್ನು ಹತ್ತು ವರ್ಷದ ಮಗುವಿಗೆ ಕಲಿಸಬಹುದು. ಅದಕ್ಕೆ ಬೇಕಾದ ಸಾಮಗ್ರಿ ಪ್ರಪಂಚದ ತುಂಬ ಬಿದ್ದಿದೆ.

ಚೀನಾದ ಮಹಾಗೋಡೆಯಿಂದಲೇ ಶುರು ಮಾಡೋಣ. 2012ರಲ್ಲಿ ಚೀನಾ ಸರ್ಕಾರ ಪ್ರಕಟಿಸಿದ ಅಳತೆಯ ಪ್ರಕಾರ ಅದರ ಉದ್ದ 21,196 ಕಿಲೋಮೀಟರ್. ಆದರೆ ಅದು ಒಂದು ಗೋಡೆಯ ಲೆಕ್ಕವಲ್ಲ. ಎರಡು ಸಾವಿರ ವರ್ಷಗಳಲ್ಲಿ ಬೇರೆ ಬೇರೆ ರಾಜವಂಶದವರು ಹಾಕಿಸಿದ ಮಣ್ಣಿನ ದಿಬ್ಬ, ಕಲ್ಲಿನ ಸಾಲು, ಕಂದಕ, ಬುರುಜು ಎಲ್ಲವನ್ನೂ ಕೂಡಿಸಿದ ಮೊತ್ತ. ಕ್ಯಾಲೆಂಡರಿನ ಚಿತ್ರದಲ್ಲಿ ಬೆಟ್ಟದ ನೆತ್ತಿಯ ಮೇಲೆ ಹರಿದಾಡುವ ಇಟ್ಟಿಗೆ ಗೋಡೆ ಬಹುಪಾಲು ಮಿಂಗ್ ಅರಸರ ಕಾಲದ್ದು, ಅಂದರೆ 1368ರಿಂದ 1644ರ ನಡುವಿನದು. ಅದು ಚಂದ್ರನಿಂದ ಕಾಣಿಸುತ್ತದೆ ಎಂಬ ಮಾತನ್ನು ಎಷ್ಟು ತಲೆಮಾರು ಕಲಿತವೋ! 2003ರಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೆಯ್, ಭೂಮಿಯ ಸುತ್ತ ಅಷ್ಟು ಹತ್ತಿರದಲ್ಲಿ ಸುತ್ತಿದರೂ ತನಗೆ ಗೋಡೆ ಕಾಣಿಸಲಿಲ್ಲ ಎಂದ.

ಮಕ್ಕಳಿಗೆ ರುಚಿಸುವ ಸಂಗತಿ ಇನ್ನೊಂದಿದೆ. ಮಿಂಗ್ ಕಾಲದ ಗಾರೆಗೆ ಸುಣ್ಣದ ಜೊತೆ ಅಂಟಕ್ಕಿಯ ಗಂಜಿ ಬೆರೆಸುತ್ತಿದ್ದರು. ಇಟ್ಟಿಗೆಗಳನ್ನು ನಾನೂರು, ಐನೂರು ವರ್ಷ ಬಿಗಿಯಾಗಿ ಹಿಡಿದದ್ದರಲ್ಲಿ ಆ ಗಂಜಿಯ ಪಾಲೂ ಇದೆ. ನಮ್ಮ ಕಡೆಯ ಹಳೆಯ ಗಾರೆಗೆ ಬೆಲ್ಲದ ನೀರು ಬೀಳುತ್ತಿತ್ತು ಎಂದು ಹೇಳಿದರೆ ಮಕ್ಕಳು ಗೋಡೆ ನೆಕ್ಕಿ ನೋಡಲು ಹೊರಡಬಹುದು, ಹೊರಡಲಿ.

ಇಷ್ಟಾದ ಮೇಲೆ ಕೇಳಬೇಕಾದ ಪ್ರಶ್ನೆ: ಆಚೆಯವರಿಗೆ ಏನು ಬೇಕಾಗಿತ್ತು? ಗೋಡೆಯ ಉತ್ತರಕ್ಕಿದ್ದವರು ಮಂಗೋಲರು, ಕುದುರೆ ಕುರಿ ಮೇಯಿಸುತ್ತ ಊರೂರು ತಿರುಗುವ ಜನ. ಹಾಲು, ಮಾಂಸ, ಉಣ್ಣೆಗೆ ಅವರಲ್ಲಿ ಬರವಿಲ್ಲ. ಧಾನ್ಯ, ಬಟ್ಟೆ, ಚಹಾ, ಕಬ್ಬಿಣದ ಪಾತ್ರೆ ಮಾತ್ರ ದಕ್ಷಿಣದಿಂದಲೇ ಬರಬೇಕು. ದಕ್ಷಿಣದ ಚಕ್ರವರ್ತಿಯ ಸೈನ್ಯಕ್ಕೆ ಒಳ್ಳೆಯ ಕುದುರೆ ಬೇಕು. ಅದು ಇರುವುದು ಉತ್ತರದಲ್ಲಿ. ಅಂದರೆ ಇಬ್ಬರಿಗೂ ಬೇಕಾಗಿದ್ದದ್ದು ಸಂತೆ. ಮಿಂಗ್ ಆಸ್ಥಾನ ವ್ಯಾಪಾರಕ್ಕೆ ಒಪ್ಪದಿದ್ದಾಗ ಮಂಗೋಲರು ದೋಚಿ ತಂದರು. 1550ರಲ್ಲಿ ಮಂಗೋಲರ ನಾಯಕ ಅಲ್ತಾನ್ ಖಾನ್ ದಂಡು ಕಟ್ಟಿಕೊಂಡು ಬೀಜಿಂಗ್ ನಗರದ ಬಾಗಿಲವರೆಗೆ ಬಂದ. 1571ರಲ್ಲಿ ಇಬ್ಬರಿಗೂ ಒಪ್ಪಂದವಾಗಿ ಗಡಿಯಲ್ಲಿ ಕುದುರೆ ಸಂತೆಗಳು ತೆರೆದವು. ಅಲ್ಲಿಂದ ಬಹುಕಾಲ ಆ ದಿಕ್ಕಿನ ದಾಳಿಗಳು ತಗ್ಗಿದವು. ಕಲ್ಲು ಮಾಡದ ಕೆಲಸವನ್ನು ಸಂತೆ ಮಾಡಿತು.

ಆ ಗೋಡೆಯ ಕೊನೆಯ ಅಂಕವನ್ನೂ ಮಕ್ಕಳಿಗೆ ಹೇಳಬೇಕು. 1644ರಲ್ಲಿ ರೈತ ಬಂಡಾಯಗಾರರು ಬೀಜಿಂಗನ್ನು ಒಳಗಿನಿಂದಲೇ ಹಿಡಿದರು, ಮಿಂಗ್ ಚಕ್ರವರ್ತಿ ನೇಣು ಹಾಕಿಕೊಂಡ. ಗೋಡೆ ಸಮುದ್ರ ಸೇರುವ ಶಾನ್‌ಹೈಗುವಾನ್ ಕೋಟೆಯನ್ನು ಕಾಯುತ್ತಿದ್ದ ದಂಡನಾಯಕ ವು ಸಾನ್‌ಗುಯ್ ಬಂಡಾಯಗಾರರನ್ನು ಬಗ್ಗುಬಡಿಯಲೆಂದು ಆಚೆಯ ಮಂಚು ಸೈನ್ಯದ ಜೊತೆ ಕೈಜೋಡಿಸಿ ಬಾಗಿಲು ತೆರೆದ. ಒಳಬಂದ ಮಂಚುಗಳು 1912ರವರೆಗೆ ಚೀನಾವನ್ನು ಆಳಿದರು. ಗೋಡೆಯ ಕಲ್ಲು ಅಲುಗಲಿಲ್ಲ. ಬಾಗಿಲ ಕೀಲಿ ಯಾರ ಕೈಯಲ್ಲಿದೆ ಎಂಬುದೇ ಎಲ್ಲವನ್ನೂ ತೀರ್ಮಾನಿಸಿತು.

ಬರ್ಲಿನ್ ಗೋಡೆಯನ್ನು ಒಗಟಿನ ರೂಪದಲ್ಲಿ ಮಕ್ಕಳ ಮುಂದಿಡಬಹುದು. ಒಂದು ನಗರದ ಸುತ್ತ 155 ಕಿಲೋಮೀಟರ್ ಗೋಡೆ ಎದ್ದಿದೆ. ಒಳಗಿರುವವರು ವಿಮಾನ, ರೈಲು ಹತ್ತಿ ಹೊರಗೆ ಹೋಗಿ ಬರಬಹುದು. ಹೊರಗಿರುವವರು ಒಳಗೆ ಕಾಲಿಡಲು ಬಂದರೆ ಗುಂಡು. ಹಾಗಾದರೆ ಸೆರೆಯಲ್ಲಿರುವವರು ಯಾರು? ಒಳಗಿನವರು ಎಂದು ಇಡೀ ತರಗತಿ ಕೂಗುತ್ತದೆ. ಒಂದು ನಿಮಿಷ ಯೋಚಿಸಿದ ಮೇಲೆ ಯಾವುದೋ ಮೂಲೆಯಿಂದ ‘ಹೊರಗಿನವರು ಟೀಚರ್’ ಎಂಬ ದನಿ ಬರುತ್ತದೆ. ಆ ದನಿಗಾಗಿ ಕಾಯುವ ತಾಳ್ಮೆ ಇರಬೇಕು.

ಎರಡನೇ ಮಹಾಯುದ್ಧದ ನಂತರ ಜರ್ಮನಿ ಎರಡಾಯಿತು. ಪೂರ್ವ ಜರ್ಮನಿಯ ನಟ್ಟನಡುವೆ ಪಶ್ಚಿಮ ಬರ್ಲಿನ್ ಒಂದು ದ್ವೀಪದಂತೆ ಉಳಿಯಿತು. 1949ರಿಂದ 1961ರ ನಡುವೆ 25 ಲಕ್ಷಕ್ಕೂ ಹೆಚ್ಚು ಜನ ಪೂರ್ವದಿಂದ ಪಶ್ಚಿಮಕ್ಕೆ ಹೊರಟುಹೋದರು. ಡಾಕ್ಟರು, ಎಂಜಿನಿಯರು, ಮೇಷ್ಟರು, ಹರೆಯದ ಕೆಲಸಗಾರರು. 1961ರ ಆಗಸ್ಟ್ 13, ಭಾನುವಾರ. ಜನ ಏಳುವಷ್ಟರಲ್ಲಿ ಬೀದಿಗೆ ಅಡ್ಡಲಾಗಿ ಮುಳ್ಳುತಂತಿ ಬಿದ್ದಿತ್ತು. ಆಮೇಲೆ ಕಾಂಕ್ರೀಟು ಬಂತು. ಬೆರ್ನಾವರ್ ಬೀದಿಯಲ್ಲಿ ಮನೆಗಳು ಪೂರ್ವಕ್ಕೆ ಸೇರಿದ್ದವು, ಮುಂದಿನ ಫುಟ್‌ಪಾತ್ ಪಶ್ಚಿಮಕ್ಕೆ. ಜನ ಕಿಟಕಿಯಿಂದ ಹಾರತೊಡಗಿದಾಗ ಸರ್ಕಾರ ಆ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿಸಿತು.

ಪೂರ್ವ ಜರ್ಮನಿ ಆ ಗೋಡೆಗೆ ಕೊಟ್ಟ ಅಧಿಕೃತ ಹೆಸರು ‘ಫ್ಯಾಸಿಸ್ಟ್ ವಿರೋಧಿ ರಕ್ಷಣಾ ಕೋಟೆ’. ಪಶ್ಚಿಮದ ದುಷ್ಟರು ಒಳನುಗ್ಗದಂತೆ ತಡೆಯಲು ಕಟ್ಟಿದ್ದು ಎಂದು ಅಲ್ಲಿನ ಶಾಲೆಗಳಲ್ಲಿ ಮಕ್ಕಳಿಗೆ ಹೇಳಿಕೊಟ್ಟರು. ಇಲ್ಲಿ ಟೀಚರ್ ತಮ್ಮ ಅಭಿಪ್ರಾಯ ಹೇಳುವ ಅಗತ್ಯವೇ ಇಲ್ಲ. ಗೋಡೆಯ ನಕ್ಷೆಯನ್ನು ಬೋರ್ಡಿನ ಮೇಲೆ ಬರೆದರೆ ಸಾಕು. ಪೂರ್ವದಿಂದ ನಡೆದುಬಂದರೆ ಮೊದಲು ಸಿಗುವುದು ಒಂದು ಒಳಗೋಡೆ. ಆಮೇಲೆ ಮುಟ್ಟಿದರೆ ಅಲಾರಾಂ ಹೊಡೆಯುವ ತಂತಿಬೇಲಿ. ಕಾವಲು ಗೋಪುರ. ಹೆಜ್ಜೆಗುರುತು ಮೂಡಲೆಂದೇ ಹರಗಿ ನಯ ಮಾಡಿದ ಮರಳಿನ ಪಟ್ಟಿ. ಕೊನೆಗೆ 3.6 ಮೀಟರ್ ಎತ್ತರದ ಹೊರಗೋಡೆ, ಅದರ ನೆತ್ತಿಗೆ ಕೈ ಹಿಡಿತ ಸಿಗದಂತೆ ಉರುಟಾದ ಪೈಪು. ಇವೆಲ್ಲ ಯಾವ ಕಡೆಯಿಂದ ಬರುವವರನ್ನು ಹಿಡಿಯಲು? ಮಗು ಬೆರಳಿಟ್ಟು ತೋರಿಸುತ್ತದೆ. ಹೆಸರು ಒಂದು ಹೇಳುತ್ತದೆ, ಮರಳು ಇನ್ನೊಂದು ಹೇಳುತ್ತದೆ. ಯಾವುದನ್ನು ನಂಬಬೇಕೆಂದು ಮಗುವಿಗೆ ಗೊತ್ತಾಗಿರುತ್ತದೆ.

ಕನಿಷ್ಠ 140 ಜನ ಆ ಗೋಡೆಯ ಬುಡದಲ್ಲಿ ಪ್ರಾಣ ಕಳೆದುಕೊಂಡರು. ಎರಡು ಗೋಡೆಗಳ ನಡುವಿನ ಅದೇ ಪಟ್ಟಿಯೊಳಗೆ, ಮನುಷ್ಯರ ಓಡಾಟವಿಲ್ಲದ ಹುಲ್ಲಿನಲ್ಲಿ, ಕಾಡುಮೊಲಗಳು ಸಂಸಾರ ಹೂಡಿಕೊಂಡು ಬದುಕಿದ್ದವು. ಗೋಡೆಯ ಪಶ್ಚಿಮ ಮುಖ ಬಣ್ಣದ ಚಿತ್ರ, ಬರಹಗಳಿಂದ ತುಂಬಿಹೋಗಿತ್ತು. ಪೂರ್ವದ ಮುಖ ಬೋಳು. ಅಲ್ಲಿ ಬಣ್ಣದ ಡಬ್ಬಿ ಹಿಡಿದು ಹತ್ತಿರ ಹೋಗುವ ಹಾಗೇ ಇರಲಿಲ್ಲ. 1989ರ ನವೆಂಬರ್ 9ರ ಸಂಜೆ ಪೂರ್ವ ಜರ್ಮನಿಯ ನಾಯಕರಲ್ಲೊಬ್ಬನಾದ ಗುಂಟರ್ ಶಬೋವ್‌ಸ್ಕಿ ಪತ್ರಿಕಾಗೋಷ್ಠಿಯಲ್ಲಿ ಪ್ರಯಾಣದ ಹೊಸ ನಿಯಮ ಓದಿದ. ಯಾವಾಗಿನಿಂದ ಜಾರಿ ಎಂದು ಪತ್ರಕರ್ತರು ಕೇಳಿದಾಗ ಕಾಗದ ತಿರುವಿಹಾಕಿ, ತನಗೆ ತಿಳಿದ ಮಟ್ಟಿಗೆ ಈಗಿನಿಂದಲೇ ಎಂದುಬಿಟ್ಟ. ಟಿವಿ, ರೇಡಿಯೋ ಕೇಳಿದ ಜನ ಗಡಿಗೆ ನುಗ್ಗಿದರು. ಮೇಲಿನಿಂದ ಸ್ಪಷ್ಟ ಆದೇಶ ಬಾರದೆ ಗೊಂದಲಕ್ಕೆ ಬಿದ್ದ ಕಾವಲಿನವರು ಗೇಟು ತೆಗೆದರು. 28 ವರ್ಷದ ಗೋಡೆ ಒಂದು ರಾತ್ರಿಯಲ್ಲಿ ಕೆಲಸಕ್ಕೆ ಬಾರದಾಯಿತು. ಮರುವರ್ಷ 21 ದೇಶಗಳ 118 ಕಲಾವಿದರು ಸೇರಿ, ಉಳಿದಿದ್ದ 1.3 ಕಿಲೋಮೀಟರ್ ಗೋಡೆಯ ಪೂರ್ವ ಮುಖಕ್ಕೆ ಬಣ್ಣ ಬಳಿದರು. ಜನರನ್ನು ತಡೆಯಲು ನಿಂತಿದ್ದ ಕಾಂಕ್ರೀಟನ್ನು ನೋಡಲು ಈಗ ಜನ ಹುಡುಕಿಕೊಂಡು ಬರುತ್ತಾರೆ.

ಗೋಡೆಯಿಂದ ಲಾಭ ಯಾರಿಗೆ ಎಂಬ ಪ್ರಶ್ನೆಗೆ ಬರ್ಲಿನ್ನಿನ ತನಕ ಹೋಗಬೇಕಿಲ್ಲ. ಬ್ರಿಟಿಷರು ನಮ್ಮ ದೇಶದ ಎದೆಯ ಮೇಲೆಯೇ ಒಂದು ಬೇಲಿ ಬೆಳೆಸಿದ್ದರು. ಉತ್ತರದ ಸಿಂಧೂ ನದಿಯ ಕಡೆಯಿಂದ ಒಡಿಶಾದವರೆಗೆ 3,700 ಕಿಲೋಮೀಟರಿನಷ್ಟು ಸುಂಕದ ಗಡಿ. ಅದರಲ್ಲಿ ನೂರಾರು ಮೈಲಿ ಜಾಲಿ, ಎಲಚಿ, ಪಾಪಾಸುಕಳ್ಳಿಯ ಜೀವಂತ ಮುಳ್ಳುಬೇಲಿ, ಕಾಯಲು ಹನ್ನೆರಡು ಸಾವಿರದಷ್ಟು ಮಂದಿ. ತಡೆಯಬೇಕಾಗಿದ್ದದ್ದು ಯಾವ ದಂಡನ್ನು? ಉಪ್ಪಿನ ಮೂಟೆಯನ್ನು! ತೆರಿಗೆ ಕೊಡದ ಉಪ್ಪು ಬಂಗಾಳ ಪ್ರಾಂತ್ಯಕ್ಕೆ ನುಸುಳಬಾರದು ಎಂದು ಬಡವನ ಗಂಜಿಗೂ ಉಪ್ಪಿಗೂ ನಡುವೆ ಮುಳ್ಳು ನೆಟ್ಟರು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದು. ಅದನ್ನು ಮುತುವರ್ಜಿಯಿಂದ ಬೆಳೆಸಿದ ಸುಂಕದ ಕಮಿಷನರ್ ಅಲನ್ ಆಕ್ಟೇವಿಯನ್ ಹ್ಯೂಮ್. 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಮುಂದಾದವನೂ ಅವನೇ. ಬೇಲಿಯನ್ನು 1879ರಲ್ಲಿ ಕೈಬಿಟ್ಟರು. ಇಷ್ಟು ದೊಡ್ಡ ಬೇಲಿ ನಮ್ಮ ನೆನಪಿನಿಂದ ಅಳಿಸಿಯೇ ಹೋಯಿತು. ಚೀನಾದ ಗೋಡೆಯ ಉದ್ದ ಮಾತ್ರ ಬಾಯಿಗೆ ಬರುತ್ತದೆ.

ಇಲ್ಲಿಯವರೆಗೆ ಕೇಳಿದ ಮಗು ಗೋಡೆ ಎಂದರೆ ಕೆಟ್ಟದ್ದು, ಎಲ್ಲವನ್ನೂ ಕೆಡವಬೇಕು ಎಂಬ ತೀರ್ಮಾನಕ್ಕೆ ಬಂದಿರುತ್ತದೆ. ಭಾಷಣ ಸ್ಪರ್ಧೆಯಲ್ಲಿ ಚಪ್ಪಾಳೆ ಗಿಟ್ಟಿಸುವ ತೀರ್ಮಾನ ಅದು. ಅಲ್ಲಿಗೇ ಬಿಡಬಾರದು. ಜಪಾನಿನ ಈಶಾನ್ಯ ಕರಾವಳಿಯ ಎರಡು ಊರುಗಳ ಕಥೆ ಹೇಳಬೇಕು.

ಇವಾತೆ ಪ್ರಾಂತ್ಯದ ಫುದಾಯ್ 2011ರ ಹೊತ್ತಿಗೆ ಮೂರು ಸಾವಿರದಷ್ಟು ಜನರಿದ್ದ ಮೀನುಗಾರರ ಹಳ್ಳಿ. 1896ರಲ್ಲೂ 1933ರಲ್ಲೂ ಸುನಾಮಿ ಆ ಕರಾವಳಿಯನ್ನು ಗುಡಿಸಿಹಾಕಿತ್ತು. 1933ರ ಹೆಣಗಳನ್ನು ಕಣ್ಣಾರೆ ಕಂಡಿದ್ದ ಕೊತೊಕು ವಾಮುರಾ ಮುಂದೆ ಆ ಹಳ್ಳಿಯ ಮುಖ್ಯಸ್ಥನಾಗಿ ನಾಲ್ಕು ದಶಕ ಆಡಳಿತ ನಡೆಸಿದ. ಹದಿನೈದು ಮೀಟರ್ ಎತ್ತರ ಬೇಕೇ ಬೇಕು ಎಂದು ಹಟ ಹಿಡಿದು ಮೊದಲು ಕಡಲಗೋಡೆ, ಆಮೇಲೆ ಹಳ್ಳದ ಬಾಯಿಗೆ 15.5 ಮೀಟರಿನ ಪ್ರವಾಹದ ಗೇಟು ಕಟ್ಟಿಸಿದ. ಗೇಟು ಮುಗಿದದ್ದು 1984ರಲ್ಲಿ. ಇಷ್ಟೆತ್ತರ ಯಾಕೆ, ದುಡ್ಡು ದಂಡ ಎಂದು ಜನ ಆಡಿಕೊಂಡರು. ವಾಮುರಾ 1997ರಲ್ಲಿ ತೀರಿಕೊಂಡ. 2011ರ ಮಾರ್ಚ್ 11ರಂದು ಸುನಾಮಿ ಬಂದಾಗ ಗೇಟಿನ ಹಿಂದಿದ್ದ ಊರಿನ ಮನೆಗಳಿಗೆ ನೀರು ನುಗ್ಗಲಿಲ್ಲ. ದೋಣಿ ನೋಡಿಕೊಂಡು ಬರಲು ಗೋಡೆಯಾಚೆ ಹೋದ ಒಬ್ಬನನ್ನು ಬಿಟ್ಟರೆ ಎಲ್ಲರೂ ಉಳಿದರು. ಜನ ವಾಮುರಾನ ಸಮಾಧಿಗೆ ಹೋಗಿ ಕೈ ಮುಗಿದು ಬಂದರು.

ಅದೇ ಕರಾವಳಿಯ ಇನ್ನೊಂದು ಊರು ತಾರೊ. ಅಲ್ಲೂ ಹತ್ತು ಮೀಟರ್ ಎತ್ತರದ ಗೋಡೆ ಇತ್ತು, ದೂರದೂರದಿಂದ ಜನ ಬಂದು ನೋಡುವಷ್ಟು ಹೆಸರುವಾಸಿ. 2011ರ ಅಲೆ ಅದನ್ನು ದಾಟಿ ಊರನ್ನು ನುಂಗಿತು. ಗೋಡೆ ಇದೆಯಲ್ಲ ಎಂಬ ಧೈರ್ಯದಲ್ಲಿ ಗುಡ್ಡ ಹತ್ತದೆ ಉಳಿದವರೂ ಇದ್ದರು ಎಂದು ಬದುಕುಳಿದವರು ಹೇಳಿದರು. ಗೋಡೆ ಕಾಪಾಡಿದ್ದೂ ನಿಜ, ಗೋಡೆಯ ಮೇಲಿನ ನಂಬಿಕೆ ಕೊಂದದ್ದೂ ನಿಜ. ಆಮೇಲೆ ಜಪಾನ್ ಆ ಕರಾವಳಿಯುದ್ದಕ್ಕೂ ಸುಮಾರು 400 ಕಿಲೋಮೀಟರ್ ಕಡಲಗೋಡೆಗಳ ಯೋಜನೆಗೆ ಕೈಹಾಕಿತು. ಈಗ ಮೀನುಗಾರರ ತಕರಾರು ಬೇರೆ: ಕಡಲು ಕಾಣುವುದಿಲ್ಲ, ಅಲೆಯ ಬಣ್ಣ ನೋಡಿ ಅಪಾಯ ಅಳೆಯುವ ರೂಢಿ ತಪ್ಪಿಹೋಗುತ್ತದೆ ಎಂದು. ಕೆಲವು ಕಡೆ ಗೋಡೆಯಲ್ಲಿ ಸಣ್ಣ ಕಿಟಕಿಗಳನ್ನು ಇಟ್ಟಿದ್ದಾರೆ. ಕಡಲಿಗೆ ಹಗೆ ಇಲ್ಲ, ವಾದವಿಲ್ಲ; ಆದರೂ ಅದರ ಎದುರು ಕಟ್ಟಿದ ಗೋಡೆಗೂ ಎರಡು ಬದಿ ಇವೆ.

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಕೂಡ ಹೀಗೆಯೇ ಸುಲಭದ ಉತ್ತರ ಕೊಡುವುದಿಲ್ಲ. ಕ್ಯಾಥೊಲಿಕರ ಕೇರಿಗೂ ಪ್ರಾಟೆಸ್ಟೆಂಟರ ಕೇರಿಗೂ ನಡುವೆ 1969ರಲ್ಲಿ ತಾತ್ಕಾಲಿಕವೆಂದು ಎದ್ದ ಗೋಡೆಗಳು 1998ರ ಶಾಂತಿ ಒಪ್ಪಂದದ ನಂತರವೂ ನಿಂತಿವೆ. 2023ರೊಳಗೆ ತೆಗೆಯುತ್ತೇವೆ ಎಂದು ಅಲ್ಲಿನ ಸರ್ಕಾರ 2013ರಲ್ಲಿ ಹೇಳಿತು, ಗಡುವು ಕಳೆದುಹೋಯಿತು. ಕೆಲವು ಗೇಟುಗಳು ಇಂದಿಗೂ ರಾತ್ರಿಯಾದರೆ ಮುಚ್ಚುತ್ತವೆ. ಅವುಗಳಿಗೆ ಒರಗಿಕೊಂಡೇ ಬದುಕುವ ಮಂದಿಯಲ್ಲಿ ಹಲವರಿಗೆ ಗೋಡೆ ಹೋದರೆ ನಿದ್ದೆ ಬರುವುದಿಲ್ಲ ಎಂಬ ಅಳುಕು. ಕೆಡವಿ ಎನ್ನುವುದು ದೂರದಲ್ಲಿರುವವರಿಗೆ ಸಲೀಸು. ಕಲ್ಲು ಬೀಳುವುದು ಅವರ ಮನೆಯ ಕಿಟಕಿಗಲ್ಲವಲ್ಲ!

ಇನ್ನು ಒಂದು ಗೋಡೆ ಇದೆ, ಅದು ಯಾರನ್ನೂ ತಡೆಯುವುದಿಲ್ಲ. ಅದರ ಕಲ್ಲು ಹೋದದ್ದು ನಮ್ಮ ಕರ್ನಾಟಕದಿಂದ. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಸತ್ತ ಸೈನಿಕರ ಸ್ಮಾರಕ ಕಟ್ಟಬೇಕೆಂದು 1981ರಲ್ಲಿ ಸ್ಪರ್ಧೆ ನಡೆಸಿದರು. 1,421 ವಿನ್ಯಾಸಗಳು ಬಂದವು. ಹೆಸರು ಮುಚ್ಚಿಟ್ಟು ನಡೆಸಿದ ಆಯ್ಕೆಯಲ್ಲಿ ಗೆದ್ದದ್ದು ಯೇಲ್ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿನಿ ಮಾಯಾ ಲಿನ್. ಅವಳ ವಿನ್ಯಾಸದಲ್ಲಿ ಕುದುರೆ ಏರಿದ ವೀರನಿರಲಿಲ್ಲ, ಬಾವುಟವಿರಲಿಲ್ಲ. ಹುಲ್ಲುನೆಲವನ್ನು ಸೀಳಿ ತಗ್ಗಿಗೆ ಇಳಿಯುವ, ಒಂದು ಕೋನದಲ್ಲಿ ಕೂಡುವ ಎರಡು ಕಪ್ಪು ಗೋಡೆ, ಅವುಗಳ ಮೈತುಂಬ ಹೆಸರು. ಕನ್ನಡಿಯ ಹಾಗೆ ಹೊಳಪು ಬರುವ ಕಪ್ಪು ಕಲ್ಲೇ ಬೇಕು ಎಂದಳು. ಬೆಂಗಳೂರಿನ ಕಡೆಯ ಕಪ್ಪು ಗ್ರಾನೈಟ್ ಹಡಗು ಹತ್ತಿತು. ಅಮೆರಿಕದ ವರ್ಮಾಂಟಿನಲ್ಲಿ ಅದನ್ನು ಕೊಯ್ದು ಸಾಣೆ ಹಿಡಿದರು. 1982ರ ನವೆಂಬರಿನಲ್ಲಿ ಸ್ಮಾರಕ ಜನರಿಗೆ ತೆರೆಯಿತು.

58,000ಕ್ಕೂ ಹೆಚ್ಚು ಹೆಸರುಗಳು. ಜನರಲ್, ಸಿಪಾಯಿ ಎಂಬ ಹುದ್ದೆಯ ಭೇದವಿಲ್ಲ, ಅಕ್ಷರಾನುಕ್ರಮವೂ ಇಲ್ಲ. ಬಲಿಯಾದ ದಿನಾಂಕದ ಸಾಲಿನಲ್ಲಿ ಬರೆದಿದ್ದಾರೆ, ಒಂದೇ ದಿನ ಒಟ್ಟಿಗೆ ಬಿದ್ದವರು ಅಕ್ಕಪಕ್ಕ ಇರಲೆಂದು. ಹೆಸರು ಹುಡುಕುತ್ತ ನಿಂತವರಿಗೆ ಅಕ್ಷರಗಳ ನಡುವೆ ತಮ್ಮದೇ ಮುಖ ಕಾಣಿಸುತ್ತದೆ. ಬಂದವರು ಹೆಸರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದುಕೊಂಡು ಹೋಗುತ್ತಾರೆ. ನಾಣ್ಯದ ಮೇಲೆ ಕಾಗದ ಇಟ್ಟು ತಿಕ್ಕುವ ಆಟ ಗೊತ್ತಿರುವ ನಮ್ಮ ಮಕ್ಕಳಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಗೋಡೆಗೆ ಹಿಂಬದಿ ಇಲ್ಲ. ಹಿಂದೆ ಮಣ್ಣು, ಮೇಲೆ ಹುಲ್ಲು. ಆದರೂ ಆಚೆ ಬದಿ ಇಲ್ಲ ಎನ್ನುವಂತಿಲ್ಲ. ಅದೇ ಯುದ್ಧದಲ್ಲಿ ಸತ್ತ ವಿಯೆಟ್ನಾಮಿನ ಜನರ ಸಂಖ್ಯೆ ಮೂವತ್ತು ಲಕ್ಷದಷ್ಟು ಎಂದು ಆ ದೇಶದ ಸರ್ಕಾರ 1995ರಲ್ಲಿ ಲೆಕ್ಕ ಕೊಟ್ಟಿತು. ಅವರ ಹೆಸರು ಈ ಕಲ್ಲಿನ ಮೇಲಿಲ್ಲ. ಅದಕ್ಕಾಗಿ ಅಮೆರಿಕದವರನ್ನು ದೂರಬೇಕಿಲ್ಲ. ತಮ್ಮ ಮನೆಯ ಸಾವಿಗೆ ಅಳುವ ಹಕ್ಕು ಎಲ್ಲರಿಗೂ ಇದೆ. ಅಷ್ಟು ಹೆಸರುಗಳನ್ನೂ ಇದೇ ಲೆಕ್ಕದಲ್ಲಿ ಕೆತ್ತಿದರೆ ಗೋಡೆ ಎಷ್ಟು ಉದ್ದವಾಗುತ್ತದೆ ಎಂದು ಮಕ್ಕಳಿಗೆ ಗಣಿತದ ಲೆಕ್ಕ ಕೊಡಬಹುದು. 58 ಸಾವಿರ ಹೆಸರಿಗೆ ಸುಮಾರು 150 ಮೀಟರ್, ಮೂವತ್ತು ಲಕ್ಷಕ್ಕೆ? ಏಳೂಮುಕ್ಕಾಲು ಕಿಲೋಮೀಟರ್ ಎಂದು ಉತ್ತರ ಬಂದಾಗ ಅದು ಶಾಲೆಯಿಂದ ಯಾವ ಊರಿನವರೆಗೆ ಆಗುತ್ತದೆ ಎಂದು ಮಕ್ಕಳೇ ಅಂದಾಜು ಮಾಡಲಿ.

ನಮ್ಮಲ್ಲಿ ಎತ್ತಲೂ ವಾಲದೆ ಮಾತಾಡುವವನನ್ನು ‘ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ’ ಎಂದು ಹಂಗಿಸುತ್ತಾರೆ. ಪಂಚಾಯಿತಿಯಲ್ಲಿ ತೀರ್ಪು ಹೇಳಬೇಕಾದವನಿಗೆ ಆ ಬೈಗುಳ ಸರಿ. ಮೇಷ್ಟರಿಗೆ ಮಾತ್ರ ಆ ದೀಪ ಬೇಕು. ತೀರ್ಪು ಮಗುವೇ ಕೊಡಲಿ, ಅದಕ್ಕೆ ಮೊದಲು ಎರಡೂ ಕೋಣೆ ಕಾಣಿಸಲಿ.

ಇದನ್ನು ಮಾಡಿಸುವ ವಿಧಾನಕ್ಕೆ ಖರ್ಚಿಲ್ಲ. ಒಂದು ಗೋಡೆಯನ್ನು ಆರಿಸಿಕೊಂಡು ತರಗತಿಯನ್ನು ಎರಡು ಪಾಲು ಮಾಡಿ, ಬೆಂಚುಗಳ ನಡುವೆ ಸೀಮೆಸುಣ್ಣದ ಗೆರೆ ಎಳೆಯುವುದು. ಈಚೆಯವರು ಗೋಡೆ ಯಾಕೆ ಬೇಕು ಎಂದು ಬರೆಯಲಿ, ಆಚೆಯವರು ತಮಗೆ ಅದರಿಂದ ಏನಾಯಿತು ಎಂದು ಬರೆಯಲಿ. ಅರ್ಧ ಗಂಟೆಯ ನಂತರ ಜಾಗ ಬದಲಾಯಿಸಿ, ಇನ್ನೊಂದು ಪಾಲಿನವರ ಉತ್ತರವನ್ನು ಗಟ್ಟಿಯಾಗಿ ಓದಲಿ. ಕೇಳಬೇಕಾದ ಪ್ರಶ್ನೆಗಳು ಮೂರೇ: ಕಟ್ಟಿದವರಿಗೆ ಯಾವುದರ ಭಯ? ಆಚೆಯವರಿಗೆ ಏನು ಬೇಕಾಗಿತ್ತು? ಬಾಗಿಲ ಕೀಲಿ ಯಾರ ಕೈಯಲ್ಲಿ? ಎರಡೂ ಬದಿಯನ್ನು ಆಟವಾಗಿ ಮಾಡಿ ತೋರಿಸಿದವರೂ ಇದ್ದಾರೆ. 2019ರ ಜುಲೈಯಲ್ಲಿ ಅಮೆರಿಕ-ಮೆಕ್ಸಿಕೊ ಗಡಿಯ ಉಕ್ಕಿನ ಕಂಬಗಳ ಸಂದಿಯಲ್ಲಿ ರೊನಾಲ್ಡ್ ರಾಯೆಲ್, ವರ್ಜೀನಿಯಾ ಸಾನ್ ಫ್ರಾಟೆಲ್ಲೊ ಎಂಬ ವಿನ್ಯಾಸಕಾರರು ಮೂರು ಗುಲಾಬಿ ಬಣ್ಣದ ಸೀ-ಸಾ ಹಲಗೆಗಳನ್ನು ತೂರಿಸಿದ್ದರು. ಒಂದು ತುದಿ ಈ ದೇಶದಲ್ಲಿ, ಇನ್ನೊಂದು ಆ ದೇಶದಲ್ಲಿ. ಅಲ್ಪ ಹೊತ್ತು ಎರಡೂ ಕಡೆಯ ಮಕ್ಕಳು ಆಡಿದರು, ಆಮೇಲೆ ವಿನ್ಯಾಸಕಾರರು ಅವನ್ನು ಕಳಚಿಕೊಂಡು ಹೋದರು. ಅದರಿಂದ ಗಡಿ ಕರಗಲಿಲ್ಲ, ಯಾರಿಗೂ ವೀಸಾ ಸಿಗಲಿಲ್ಲ. ಆದರೆ ಆಚೆ ಕೂತವನು ನೆಲ ಒದೆಯದಿದ್ದರೆ ತಾನು ಮೇಲೇಳುವುದಿಲ್ಲ ಎಂಬುದು ಆಡಿದ ಮಗುವಿಗೆ ತಿಳಿಯಿತು.

ಚೀನಾ, ಬರ್ಲಿನ್, ಜಪಾನ್ ಎಲ್ಲ ದೂರದವು. ಯಾರ ಮನಸ್ಸಿಗೂ ನೋವಾಗದ ಪಾಠ. ಕಷ್ಟವಿರುವುದು ಹತ್ತಿರದ ಗೋಡೆಗಳಲ್ಲಿ. ತಮಿಳುನಾಡಿನ ಮದುರೈ ಜಿಲ್ಲೆಯ ಉತ್ತಪುರಂ ಎಂಬ ಹಳ್ಳಿಯಲ್ಲಿ 1989ರಲ್ಲಿ ಸವರ್ಣೀಯರು ತಮ್ಮ ಕೇರಿಗೂ ದಲಿತರ ಕೇರಿಗೂ ನಡುವೆ ಉದ್ದಾನುದ್ದ ಗೋಡೆ ಕಟ್ಟಿದರು. ಕಟ್ಟಿದವರು ಕೊಟ್ಟ ಕಾರಣ ಗಲಾಟೆಯಿಂದ ರಕ್ಷಣೆ. ಆಚೆಯವರಿಗೆ ಅದು ಮುಖ್ಯ ರಸ್ತೆಗೆ ಹೋಗುವ ದಾರಿ ಮುಚ್ಚಿದ ಅಸ್ಪೃಶ್ಯತೆಯ ಗೋಡೆ. ಹತ್ತೊಂಬತ್ತು ವರ್ಷಗಳ ನಂತರ, 2008ರ ಮೇ 6ರಂದು, ಜಿಲ್ಲಾಡಳಿತ ಪೊಲೀಸ್ ಕಾವಲಿನಲ್ಲಿ ಅದರ ಒಂದು ಭಾಗವನ್ನು ಕೆಡವಿ ದಾರಿ ತೆರೆಯಿತು. ಅದನ್ನು ಪ್ರತಿಭಟಿಸಿ ಸವರ್ಣೀಯ ಕುಟುಂಬಗಳು ಊರು ಬಿಟ್ಟು ಗುಡ್ಡದ ಬುಡದಲ್ಲಿ ಹೋಗಿ ಕೂತವು. ಪೂರ್ವ ಜರ್ಮನಿಯ ‘ರಕ್ಷಣಾ ಕೋಟೆ’ಯ ನಕ್ಷೆ ಓದಿದ ಮಗುವಿಗೆ ಉತ್ತಪುರಂ ಗೋಡೆಯನ್ನು ಓದಲು ಬೇರೆ ಪಾಠ ಬೇಕಾಗುವುದಿಲ್ಲ.

ಆ ಮಗು ಅಲ್ಲಿಗೆ ನಿಲ್ಲುವುದೂ ಇಲ್ಲ. ತಾನಿರುವ ಲೇಔಟಿನ ಕಾಂಪೌಂಡು ಪಕ್ಕದ ಕೊಳೆಗೇರಿಯ ಮಕ್ಕಳನ್ನು ಶಾಲೆಗೆ ಸುತ್ತು ಹಾಕಿ ಬರುವಂತೆ ಮಾಡಿದೆಯೇ, ಕಾಂಪೌಂಡಿನ ಗೇಟು ಯಾರಿಗೆ ತೆರೆಯುತ್ತದೆ, ಕೆಲಸದವರು ಬರುವ ಗೇಟು ಬೇರೆ ಯಾಕೆ ಎಂದೆಲ್ಲ ಕೇಳುತ್ತದೆ. ಮೂರು ಪ್ರಶ್ನೆಗಳನ್ನು ಕಲಿಸಿಕೊಟ್ಟವರು ನಾವೇ ಆದ್ದರಿಂದ ‘ಅದು ಸಿಲಬಸ್ಸಿನಲ್ಲಿಲ್ಲ, ಕೂತ್ಕೋ’ ಎನ್ನುವ ಹಕ್ಕನ್ನು ಆವಾಗಲೇ ಕಳೆದುಕೊಂಡಿರುತ್ತೇವೆ. ಉತ್ತರ ಗೊತ್ತಿಲ್ಲದಿದ್ದರೆ ಮಗುವನ್ನು ಆಚೆ ಬದಿಯವರ ಹತ್ತಿರ ಕಳಿಸಿ ಕೇಳಿಕೊಂಡು ಬಾ ಎನ್ನಬಹುದು. ಪರೀಕ್ಷೆಯಲ್ಲಿ ಗೋಡೆಯ ಉದ್ದಕ್ಕೆ ಒಂದು ಅಂಕ ಇರಲಿ. ಉಳಿದ ಮೂರು ಅಂಕ, ಅದೇ ಗೋಡೆಯ ಬಗ್ಗೆ ಆಚೆಯ ಮಗು ಏನು ಬರೆಯುತ್ತಿತ್ತು ಎಂದು ಬರೆದವರಿಗೆ.